ಸ್ವಭಾವವೋ ಕುಡಿತವೋ: ದಾವಣಗೆರೆಯ ಮಂಡಕ್ಕಿ ಭಟ್ಟಿ ಕಾರ್ಮಿಕರೊಬ್ಬರ ಪ್ರಕರಣ

ರೋಗಿಯ ಮಂಚದ ಎರಡು ಬದಿಗೆ ಇಬ್ಬರು ನಿಂತಿದ್ದರು. ತಾಯಿ ಹೇಳಿದ್ದು: "ಇವನದು ಹುಟ್ಟುಗುಣ ಡಾಕ್ಟ್ರೇ, ಸುಟ್ರೂ ಹೋಗಲ್ಲ." ಹೆಂಡತಿ ಹೇಳಿದ್ದು: "ಕುಡೀದಿದ್ರೆ ದೇವರಂಥ ಮನುಷ್ಯ ಸಾರ್." ಮದ್ಯವ್ಯಸನದ ವಾರ್ಡಿನಲ್ಲಿ ಈ ಎರಡು ಮಾತು ಕೇಳದ ವಾರವಿಲ್ಲ. ಇವೆರಡರಲ್ಲಿ ಎಷ್ಟೆಷ್ಟು ನಿಜ ಎಂದು ತಿಳಿಯದೆ, ಮತ್ತೆ ಕುಡಿಯದಂತೆ ತಡೆಯುವ ಚಿಕಿತ್ಸೆಯ ಎರಡನೇ ಹಂತಕ್ಕೆ ಹೋಗಲು ಬರುವುದಿಲ್ಲ. ತಿಳಿಯಲು ಕನಿಷ್ಠ ನಾಲ್ಕು ವಾರ ಬೇಕು. ಬಹಳಷ್ಟು ಕೇಸ್ ಶೀಟುಗಳಲ್ಲಿ ಮಾತ್ರ ತೀರ್ಪು ನಾಲ್ಕನೇ ದಿನಕ್ಕೇ ಬಿದ್ದಿರುತ್ತದೆ.

ಇಲ್ಲಿರುವುದು ಒಬ್ಬ ವ್ಯಕ್ತಿಯ ದಾಖಲೆಯಲ್ಲ. ಈ ಭಾಗದಲ್ಲಿ ಮತ್ತೆ ಮತ್ತೆ ಕಾಣುವ ಚಿತ್ರವನ್ನು ಕಲಿಕೆಗೆಂದು ಒಬ್ಬರ ರೂಪದಲ್ಲಿ ಹೆಣೆದಿದೆ. ಅಂಕಿಗಳೂ ಆ ಚಿತ್ರಕ್ಕೆ ಹೊಂದುವಂತೆ ಇಟ್ಟವು.

ಬಂದ ಸ್ಥಿತಿ

ವಯಸ್ಸು 38, ಓದು ಎಂಟನೇ ತರಗತಿವರೆಗೆ. ಹದಿನಾರು ವರ್ಷದಿಂದ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ: ಬೆಳಗಿನ ಜಾವ ಒಲೆ ಹೊತ್ತಿಸಿ, ಕಾದ ಮರಳಿನಲ್ಲಿ ಅಕ್ಕಿ ಹುರಿದು, ಜರಡಿ ಹಿಡಿಯುವುದು. ಹೆಂಡತಿ ಮನೆಗೆಲಸಕ್ಕೆ ಹೋಗುತ್ತಾರೆ. ಇಬ್ಬರು ಮಕ್ಕಳು. ತಂದೆ ಸಾರಾಯಿ ಕುಡಿಯುತ್ತಿದ್ದರು. ರಾಜ್ಯದಲ್ಲಿ 2007ರ ಜುಲೈನಲ್ಲಿ ಸಾರಾಯಿ ನಿಷೇಧವಾಗುವ ಮೊದಲೇ ತೀರಿಕೊಂಡಿದ್ದರು.

ಡಿಸೆಂಬರಿನ ಒಂದು ಭಾನುವಾರ ರಾತ್ರಿ ಹತ್ತಕ್ಕೆ ಕೊನೆಯ ಬಾರಿ ಕುಡಿದು, ಸೋಮವಾರ ನಸುಕಿನಲ್ಲಿ ಅಯ್ಯಪ್ಪ ಮಾಲೆ ಹಾಕಿಕೊಂಡರು. ಸಂಜೆಗೆ ಕೈ ನಡುಕ, ಬೆವರು, ವಾಂತಿ. ಸುಸ್ತಾಗಿದೆ ಎಂದು ಹತ್ತಿರದಲ್ಲೇ ಒಂದು ಬಾಟಲಿ ಗ್ಲೂಕೋಸ್ ಹಾಕಿಸಿದರು. ಮಂಗಳವಾರ ಬೆಳಿಗ್ಗೆ ಆರಕ್ಕೆ, ಅಂದರೆ ಕೊನೆಯ ಗುಟುಕಾಗಿ 32 ಗಂಟೆಗೆ, ಫಿಟ್ಸ್ ಬಂತು. ಬುಧವಾರ ನಸುಕಿನ ಮೂರಕ್ಕೆ ಸನ್ನಿ ಶುರುವಾಯಿತು. ಕಂಬಳಿ ಮೇಲೆ ಇರುವೆ ಹರಿಯುತ್ತಿವೆ ಎಂದರು. ಎರಡೂ ಕೈಯಲ್ಲಿ ಇಲ್ಲದ ಜರಡಿ ಹಿಡಿದು ಗಾಳಿಯಲ್ಲಿ ಅಲ್ಲಾಡಿಸುತ್ತ, "ಉರಿ ಜಾಸ್ತಿ ಆತು, ಮರಳು ಎಳೀರೋ" ಎಂದು ಕೂಗುತ್ತಿದ್ದರು. ಸನ್ನಿಯಲ್ಲಿ ಮನುಷ್ಯ ತನ್ನ ಕಸುಬಿನ ಕೈಚಲನೆಯನ್ನೇ ಮಾಡುವುದು ಕುಡಿತ ನಿಂತಾಗ ಬರುವ ಈ ಸನ್ನಿಯ, ಅಂದರೆ ಡಿಲಿರಿಯಂ ಟ್ರೆಮೆನ್ಸ್‌ನ ಹಳೆಯ ಗುರುತು. ದರ್ಜಿಯಾದರೆ ದಾರ ಪೋಣಿಸುತ್ತಾನೆ, ಚಾಲಕನಾದರೆ ಸ್ಟೀರಿಂಗ್ ತಿರುಗಿಸುತ್ತಾನೆ. ಮಾಲೆ ಹಾಕಿ ಏನೋ ಮೈಲಿಗೆಯಾಯಿತು, ಅದಕ್ಕೇ ಹೀಗಾಗಿದೆ ಎಂದು ಮನೆಯವರು ಅರ್ಧ ದಿನ ಕಾದಿದ್ದರು.

ಈ ಗಂಟೆಗಳ ಲೆಕ್ಕ ಎಲ್ಲರಿಗೂ ಗೊತ್ತಿರಬೇಕು. ಕುಡಿತ ನಿಂತ 6ರಿಂದ 24 ಗಂಟೆಯಲ್ಲಿ ನಡುಕ, ಬೆವರು, ನಿದ್ದೆಗೇಡು. 48 ಗಂಟೆಯೊಳಗೆ ಫಿಟ್ಸ್. 48ರಿಂದ 96 ಗಂಟೆಯಲ್ಲಿ ಸನ್ನಿ. ಹರಕೆಗೋ ಹಠಕ್ಕೋ ದಿಢೀರನೆ ನಿಲ್ಲಿಸಿದ ದಿನಪೂರ್ತಿ ಕುಡುಕರು ಆಸ್ಪತ್ರೆಗೆ ಬರುವುದು ಸಾಮಾನ್ಯವಾಗಿ ಇದೇ ಎರಡನೇ, ಮೂರನೇ ದಿನ. ನಿಲ್ಲಿಸಿದ್ದು ತಪ್ಪಲ್ಲ, ಔಷಧದ ಆಸರೆ ಇಲ್ಲದೆ ನಿಲ್ಲಿಸಿದ್ದು ಅಪಾಯ.

ಮೊದಲ ವಾರ

ನಾಡಿ 124, ರಕ್ತದೊತ್ತಡ 160/100, ಸಣ್ಣ ಜ್ವರ, ತೂಕ 52 ಕೆ.ಜಿ. ಯಕೃತ್ತಿನ ಪೆಟ್ಟು ತೋರಿಸುವ ಕಿಣ್ವಗಳಲ್ಲಿ ಎಎಸ್‌ಟಿ 148, ಎಎಲ್‌ಟಿ 61. ಮೊದಲನೆಯದು ಎರಡನೆಯದರ ದುಪ್ಪಟ್ಟು ಮೀರಿದ್ದರೆ ಮದ್ಯದಿಂದ ಯಕೃತ್ತಿಗೆ ಪೆಟ್ಟಾಗಿದೆ ಎಂಬ ಅನುಮಾನ ಬಲವಾಗುತ್ತದೆ. ಜಿಜಿಟಿ ಎಂಬ ಇನ್ನೊಂದು ಕಿಣ್ವ 412, ಕೆಂಪುಕಣದ ಗಾತ್ರ 103, ಎರಡೂ ಹೆಚ್ಚು; ಪ್ಲೇಟ್‌ಲೆಟ್ 92 ಸಾವಿರ, ಪೊಟ್ಯಾಸಿಯಂ 3.0, ಎರಡೂ ಕಡಿಮೆ. ಕಣ್ಣುಗುಡ್ಡೆ ಪಕ್ಕಕ್ಕೆ ಹೊರಳಿಸಿದಾಗ ಅದುರುತ್ತಿತ್ತು, ನಿಲ್ಲಿಸಿದರೆ ಕಾಲು ಅಗಲಿಸಿ ತೂರಾಡುತ್ತಿದ್ದರು. ಗೊಂದಲ, ಕಣ್ಣಿನ ದೋಷ, ತೂರಾಟ ಈ ಮೂರರಲ್ಲಿ ಎರಡು ಕಂಡರೂ ಬಿ1 ಜೀವಸತ್ವದ ಕೊರತೆಯಿಂದ ಮೆದುಳಿಗಾಗುವ ಪೆಟ್ಟು, ಅಂದರೆ ವರ್ನಿಕೆ ಎನ್ಸೆಫಲೋಪತಿ, ಎಂದೇ ಹಿಡಿದು ಚಿಕಿತ್ಸೆ ಶುರುಮಾಡಬೇಕು. ಮೂರೂ ಕೂಡಿ ಬರಲೆಂದು ಕಾದರೆ ನೆನಪಿನ ಶಕ್ತಿ ಮರಳದಂತೆ ಹೋಗಬಹುದು. ಆ ಬಿ1, ಅಂದರೆ ಥಯಾಮಿನ್, 500 ಮಿ.ಗ್ರಾಂ. ಸಲೈನಿನಲ್ಲಿ ಬೆರೆಸಿ ಅರ್ಧ ಗಂಟೆಯಲ್ಲಿ ಇಳಿಯುವಂತೆ, ದಿನಕ್ಕೆ ಮೂರು ಬಾರಿ, ಐದು ದಿನ ಕೊಡಲಾಯಿತು. ಸೋಮವಾರದ ಗ್ಲೂಕೋಸ್ ಬಾಟಲಿಯ ತೊಂದರೆ ಇದೇ. ಗ್ಲೂಕೋಸನ್ನು ಅರಗಿಸಲು ಮೆದುಳಿಗೆ ಥಯಾಮಿನ್ ಬೇಕು. ವರ್ಷಗಟ್ಟಲೆ ಕುಡಿದವರಲ್ಲಿ ಅದು ಮೊದಲೇ ಬರಿದಾಗಿರುತ್ತದೆ, ಇದ್ದ ಚೂರನ್ನೂ ಗ್ಲೂಕೋಸ್ ಎಳೆದುಕೊಳ್ಳುತ್ತದೆ. ಸಕ್ಕರೆ ಅಂಶ ನಿಜಕ್ಕೂ ಕುಸಿದಿದ್ದರೆ ಗ್ಲೂಕೋಸ್ ತಡಮಾಡಬಾರದು, ಥಯಾಮಿನ್ ಜತೆಯಲ್ಲೇ ಹೋಗಬೇಕು.

ಕೆರಳಿದ ಮೆದುಳನ್ನು ತಣಿಸುವ ಔಷಧಗಳಲ್ಲಿ, ಯಕೃತ್ತು ಸೋತಿದ್ದರಿಂದ, ಕ್ಲೋರ್‌ಡಯಾಜೆಪಾಕ್ಸೈಡ್ ಬಿಟ್ಟು ಲೊರಾಜೆಪಾಮ್ ಆರಿಸಲಾಯಿತು. ಮೊದಲನೆಯದು ಯಕೃತ್ತಿನಲ್ಲಿ ನಿಧಾನಕ್ಕೆ ಕರಗಿ ಮೈಯಲ್ಲಿ ಜಮೆಯಾಗುತ್ತದೆ. 2 ಮಿ.ಗ್ರಾಂ.ನಂತೆ ನಿಧಾನವಾಗಿ ನರಕ್ಕೆ, ಉಸಿರಾಟ ನೋಡಿಕೊಂಡು, ಶಾಂತವಾಗುವವರೆಗೆ. ಮೊದಲ 24 ಗಂಟೆಗೆ ಒಟ್ಟು 16 ಮಿ.ಗ್ರಾಂ. ಬೇಕಾಯಿತು, ಆಮೇಲೆ ದಿನಕ್ಕೆ ಸುಮಾರು ಐದನೇ ಒಂದು ಭಾಗ ಇಳಿಸುತ್ತ ಬಂದರು. ಪೊಟ್ಯಾಸಿಯಂ, ಮೆಗ್ನೀಸಿಯಂ ತುಂಬಿಸಲಾಯಿತು. ಭ್ರಮೆಗೆ ಕೊಡುವ ಹ್ಯಾಲೊಪೆರಿಡಾಲ್ ಒಂದನ್ನೇ ಕೊಟ್ಟು ಮಲಗಿಸುವ ಅಭ್ಯಾಸ ಕೆಲವೆಡೆ ಇದೆ. ಅದು ಫಿಟ್ಸ್ ಬರುವ ಸಾಧ್ಯತೆ ಹೆಚ್ಚಿಸುತ್ತದೆ. ಮೊನ್ನೆಯಷ್ಟೇ ಫಿಟ್ಸ್ ಬಂದವರಲ್ಲಿ ಸುತರಾಂ ಸಲ್ಲದು.

ಸನ್ನಿಯಲ್ಲಿರುವವರು ಒಪ್ಪಿಗೆ ಕೊಡಲಾರರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 94ನೇ ಕಲಂ ತುರ್ತು ಚಿಕಿತ್ಸೆಗೆ 72 ಗಂಟೆ ಅವಕಾಶ ಕೊಡುತ್ತದೆ, ರೋಗಿಯ ಪರ ನಿಲ್ಲುವ ನಾಮನಿರ್ದೇಶಿತ ಪ್ರತಿನಿಧಿ ಸಿಗುವಂತಿದ್ದರೆ ಅವರ ತಿಳಿವಳಿಕೆಯ ಒಪ್ಪಿಗೆ ಬೇಕು. ಹೆಂಡತಿ ಸಹಿ ಹಾಕಿದರು. ಶನಿವಾರ ತಲೆ ತಿಳಿಯಾದ ಮೇಲೆ ರೋಗಿಯಿಂದಲೇ ಹೊಸದಾಗಿ ಒಪ್ಪಿಗೆ ಪಡೆಯಲಾಯಿತು. ಇದು ಬರೀ ಕಾಗದದ ಕೆಲಸ ಎನಿಸಬಹುದು. ಆದರೆ "ನನ್ನ ಕಟ್ಟಿ ಹಾಕಿ ಸೇರಿಸಿದ್ರು" ಎಂಬ ಸಿಟ್ಟು ಮುಂದೆ ಆರು ತಿಂಗಳ ಚಿಕಿತ್ಸೆಯನ್ನೇ ಕೆಡಿಸುತ್ತದೆ.

ಎಷ್ಟು ಕುಡಿಯುತ್ತಿದ್ದರು

"ಎಷ್ಟು ಕುಡೀತೀರಿ?" ಎಂದರೆ ಬರುವ ಉತ್ತರ "ಒಂದು ಕ್ವಾರ್ಟರ್ ಅಷ್ಟೇರಿ." ಹಾಗೆ ಕೇಳಬಾರದು. ಎದ್ದಾಗಿನಿಂದ ನಿನ್ನೆಯ ದಿನವನ್ನು ಗಂಟೆಗಂಟೆಗೆ ನಡೆಸಿಕೊಂಡು ಹೋಗಬೇಕು: ಎದ್ದ ತಕ್ಷಣ ಕೈ ನಡುಗುತ್ತಿತ್ತಾ, ಆಗ ಏನು ಮಾಡಿದಿರಿ, ಭಟ್ಟಿಗೆ ಹೋಗುವ ದಾರಿಯಲ್ಲಿ, ತಿಂಡಿ ಹೊತ್ತಿಗೆ. ಹೀಗೆ ಕೇಳಿದಾಗ ನಸುಕಿನಲ್ಲಿ ಒಂದು ನೈಂಟಿ, ಹತ್ತಕ್ಕೆ ಇನ್ನೊಂದು, ಮಧ್ಯಾಹ್ನ ಒಂದು ಕ್ವಾರ್ಟರ್, ರಾತ್ರಿ ಒಂದು ಎಂದು ಮೂರು ಕ್ವಾರ್ಟರ್ ಲೆಕ್ಕಕ್ಕೆ ಬಂತು. ಹೆಂಡತಿ ಗುಡಿಸಿ ಎತ್ತಿಡುತ್ತಿದ್ದ ಖಾಲಿ ಪಾಕೀಟುಗಳ ಲೆಕ್ಕವೂ ಅದಕ್ಕೇ ಹೊಂದಿತು. ಶೇ. 42.8ರ ವಿಸ್ಕಿಯ 180 ಮಿ.ಲೀ.ಯಲ್ಲಿ ಸುಮಾರು 61 ಗ್ರಾಂ ಮದ್ಯಸಾರ ಇರುತ್ತದೆ, 10 ಗ್ರಾಂಗೆ ಒಂದು ಯೂನಿಟ್ ಎಂದರೆ ಆರು ಯೂನಿಟ್. ದಿನಕ್ಕೆ ಹದಿನೆಂಟು. ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ಆಡಿಟ್ ಮಾಪನದಲ್ಲಿ 40ಕ್ಕೆ 31 ಬಂತು. 20 ಮುಟ್ಟಿದರೇ ಅವಲಂಬನೆಯ ಶಂಕೆ.

ಎಂಟನೇ ದಿನದ ತೀರ್ಪು, ಅದನ್ನು ಏಕೆ ತಡೆಹಿಡಿಯಲಾಯಿತು

ಸನ್ನಿ ಇಳಿದ ಮೇಲೆ ಕಂಡ ಮನುಷ್ಯ ಹೀಗಿದ್ದರು: ಮಾತುಮಾತಿಗೆ ಅಳು, ನಿದ್ದೆಯಿಲ್ಲ, ನರ್ಸ್ ತಡಮಾಡಿದರೆ ಸಿಡುಕು, ಹೆಂಡತಿ ಫೋನಿನಲ್ಲಿ ಮಾತಾಡಿದರೆ "ಯಾರ ಜೊತೆ?" ಎಂಬ ಸಂಶಯ, "ಸತ್ತರೇ ಎಲ್ಲರಿಗೂ ಆರಾಮ" ಎಂಬ ಮಾತು. ಖಿನ್ನತೆಯ ಪಿಎಚ್‌ಕ್ಯು-9 ಮಾಪನದಲ್ಲಿ 27ಕ್ಕೆ 19. ಬ್ಯಾರಟ್ ದುಡುಕಿನ ಮಾಪನದಲ್ಲಿ 84. ಅದರಲ್ಲಿ 72 ಮುಟ್ಟಿದರೆ ದುಡುಕು ಹೆಚ್ಚು ಎಂದೇ ಎಣಿಕೆ. ಐದು ಗುಣಗಳ ವ್ಯಕ್ತಿತ್ವ ಪ್ರಶ್ನಾವಳಿಯಲ್ಲಿ ನ್ಯೂರೊಟಿಸಿಸಂ, ಅಂದರೆ ಸಣ್ಣದಕ್ಕೂ ನೊಂದು ಕಂಗೆಡುವ ಗುಣ, ತೀರಾ ಮೇಲೆ, ಶಿಸ್ತು ಕೆಳಗೆ. ಇಷ್ಟು ಕಂಡರೆ ಕೇಸ್ ಶೀಟಿನಲ್ಲಿ "ತೀವ್ರ ಖಿನ್ನತೆ, ವ್ಯಕ್ತಿತ್ವ ದೋಷ" ಎಂದು ಬರೆಯಲು ಕೈ ತುರಿಸುತ್ತದೆ.

ಬರೆಯಲಿಲ್ಲ. ವರ್ಷಗಟ್ಟಲೆ ಮದ್ಯ ಮಂಕಾಗಿಸಿದ ಮೆದುಳು ಅದು ನಿಂತಾಗ ಕೆರಳಿ ನಿಲ್ಲುತ್ತದೆ. ಆ ಕೆರಳಿಕೆಯೇ ಸಿಡುಕಾಗಿ, ಅಳುವಾಗಿ, ನಿದ್ದೆಗೇಡಾಗಿ ಕಾಣುತ್ತದೆ. ಮದ್ಯದಿಂದಲೇ ಬಂದ ಖಿನ್ನತೆ ಬಹುತೇಕರಲ್ಲಿ ಕುಡಿತ ಬಿಟ್ಟ ಎರಡರಿಂದ ನಾಲ್ಕು ವಾರದಲ್ಲಿ ತಾನಾಗಿ ಇಳಿಯುತ್ತದೆ. ಮೊದಲ ವಾರ ಪ್ರಶ್ನಾವಳಿ ತುಂಬಿಸುವುದೆಂದರೆ ಜ್ವರ ಬಂದವನ ಮೈ ಮುಟ್ಟಿ "ಇವನದು ಬಿಸಿ ಪ್ರಕೃತಿ" ಎಂದಂತೆ. ವ್ಯಕ್ತಿತ್ವ ದೋಷ ಎಂಬ ಶಬ್ದ ಒಮ್ಮೆ ಕಾಗದಕ್ಕೆ ಇಳಿದರೆ ಮುಂದೆ ನೋಡುವ ಪ್ರತಿಯೊಬ್ಬರೂ ಅದನ್ನೇ ನಕಲು ಮಾಡುತ್ತಾರೆ. ರೋಗಿಯ ಯಾವ ದೂರಿಗೂ ಆಮೇಲೆ ಕಿವಿ ಸಿಗುವುದಿಲ್ಲ.

ತಡೆಹಿಡಿದದ್ದು ತೀರ್ಪನ್ನು ಮಾತ್ರ, ಎಚ್ಚರವನ್ನಲ್ಲ. ಮದ್ಯ ಅವಲಂಬನೆ ಇರುವವರಲ್ಲಿ ಆತ್ಮಹತ್ಯೆಯ ಅಪಾಯ ಉಳಿದವರಿಗಿಂತ ಬಹಳ ಹೆಚ್ಚು. ದುಡುಕು ಸೇರಿದರೆ ಯೋಚನೆಗೂ ಕೃತಿಗೂ ನಡುವೆ ನಿಮಿಷಗಳಷ್ಟೇ ಇರುತ್ತವೆ. ನೇರವಾಗಿ ಕೇಳಲಾಯಿತು: "ಸಾಯೋ ಯೋಚನೆ ಬಂದಾಗ ಹೇಗೆ ಅಂತ ಯೋಚಿಸಿದ್ದೀರಾ?" ಜಗಳೂರು ಕಡೆ ಅಣ್ಣನ ಹೊಲವಿದೆ, ಮೆಕ್ಕೆಜೋಳಕ್ಕೆ ತಂದ ಕೀಟನಾಶಕದ ಡಬ್ಬಿ ಈ ಮನೆಯ ಅಟ್ಟದ ಮೇಲೇ ಇದೆ ಎಂದು ಆಗ ಗೊತ್ತಾಯಿತು. ಬಿಡುಗಡೆಗೆ ಮೊದಲೇ ಆ ಡಬ್ಬಿ ಮನೆಯಿಂದ ಹೋಯಿತು. ಮಾತ್ರೆಗಳನ್ನು ಏಳು ದಿನಕ್ಕಾಗುವಷ್ಟೇ ಕೊಟ್ಟು ಹೆಂಡತಿಯ ವಶಕ್ಕೆ ಬಿಡಲಾಯಿತು. ಹೊತ್ತಲ್ಲದ ಹೊತ್ತಿನಲ್ಲಿ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಗೋಡೆಗೆ ಅಂಟಿತು. ನಿರ್ದಿಷ್ಟ ಯೋಜನೆ ಮಾಡಿಕೊಂಡಿದ್ದರೆ, ಅಥವಾ ಕುಡಿಯದ ಕಾಲದಲ್ಲೂ ಖಿನ್ನತೆ ಬಂದುಹೋಗಿದ್ದರೆ, ನಾಲ್ಕು ವಾರ ಕಾಯದೆ ಖಿನ್ನತೆಯ ಔಷಧ ಶುರುಮಾಡಬೇಕಿತ್ತು.

ಹೆಂಡತಿಯೊಂದಿಗೆ ಬೇರೆಯೇ ಕೂತು ಮಾತಾಡಲಾಯಿತು. ಗಂಡನ ಎದುರು ಹೊಡೆತದ ವಿಷಯ ಬರುವುದಿಲ್ಲ. ಎರಡು ಬಾರಿ ಹೊಡೆದಿದ್ದಾನೆ, ಎರಡೂ ಸಲ ಕುಡಿದಾಗ, ಎರಡೂ ಸಲ ಸಂಶಯದ ಮೇಲೆ. ಮದ್ಯವ್ಯಸನಿಗಳಲ್ಲಿ ಪುರುಷತ್ವ ಕುಂದುವುದು ಸಾಮಾನ್ಯ, ಅದನ್ನು ಹೇಳಿಕೊಳ್ಳಲಾಗದ ಕುದಿ ಸಂಶಯವಾಗಿ ಹೆಂಡತಿಯ ಮೇಲೆ ತಿರುಗುತ್ತದೆ. ಮಹಿಳಾ ಸಹಾಯವಾಣಿ 181ರ ವಿಷಯ ಅವರಿಗೆ ತಿಳಿಸಲಾಯಿತು. ಕುಡಿತ ಬಿಟ್ಟ ಮೇಲೂ ಸಂಶಯ ಅಲ್ಲಾಡದೆ ನಿಂತರೆ ಅದು ಭ್ರಮೆಯ ಕಾಯಿಲೆ, ಅದಕ್ಕೆ ಬೇರೆ ಔಷಧ ಬೇಕು, ಅಲ್ಲಿಯವರೆಗೆ ಹೆಂಡತಿಯ ಸುರಕ್ಷತೆ ಎಲ್ಲಕ್ಕಿಂತ ಮೊದಲು.

ಮಾಲೆಯ ದಿನಗಳು

ಕುಡಿತವೋ ಸ್ವಭಾವವೋ ಎಂದು ಬಿಡಿಸಲು ಪ್ರಶ್ನಾವಳಿಗಿಂತ ದೊಡ್ಡ ಸಾಕ್ಷಿ ರೋಗಿ ಕುಡಿಯದೆ ಕಳೆದ ಹಳೆಯ ಕಾಲ. ನಮ್ಮ ಕಡೆ ಅದಕ್ಕೆ ಒಳ್ಳೆಯ ದಾರಿ ಇದೆ. ಇವರು ಹಿಂದೆಯೂ ಎರಡು ಸಲ, 31ನೇ ಮತ್ತು 33ನೇ ವಯಸ್ಸಿನಲ್ಲಿ, ಮಾಲೆ ಹಾಕಿ 41 ದಿನ ಒಂದು ಹನಿ ಮುಟ್ಟಿರಲಿಲ್ಲ. ಆಗ ರಾತ್ರಿಗೆ ಒಂದು ಕ್ವಾರ್ಟರಿನ ಮಟ್ಟದಲ್ಲಿದ್ದುದರಿಂದ ಫಿಟ್ಸ್, ಸನ್ನಿ ಬಂದಿರಲಿಲ್ಲ. ಆ 41 ದಿನ ಹೇಗಿದ್ದರು ಎಂದು ಹೆಂಡತಿ, ತಾಯಿ, ಭಟ್ಟಿಯ ಜೊತೆಗಾರ ಮೂವರನ್ನೂ ಬೇರೆಬೇರೆ ಕೇಳಲಾಯಿತು.

ಮೊದಲ ಹತ್ತು ದಿನ ನಿದ್ದೆ ಸರಿ ಇರಲಿಲ್ಲ, ಆಮೇಲೆ ಚೆನ್ನಾಗಿತ್ತು. ಅಳುವಿಲ್ಲ, ಸಂಶಯವಿಲ್ಲ, ಮಕ್ಕಳನ್ನು ಶಾಲೆಗೆ ಬಿಡುತ್ತಿದ್ದರು. ಹೆಂಡತಿಯ ಮಾತು ಇಲ್ಲಿಯವರೆಗೆ ಪೂರ್ತಿ ನಿಜ. ಆದರೆ ಜೊತೆಗಾರ ಇನ್ನೊಂದು ಹೇಳಿದರು. ಮಾಲೆಯ ಕಪ್ಪು ಬಟ್ಟೆಯಲ್ಲೇ ಇದ್ದಾಗ ಬಟವಾಡೆಯ ವಿಷಯಕ್ಕೆ ಮಾತಿಗೆ ಮಾತು ಬೆಳೆದು, ಒಲೆ ಉರಿಯುತ್ತಿದ್ದ ಹಾಗೇ ಬಿಟ್ಟು ನಡೆದಿದ್ದರಂತೆ. ಇನ್ನೊಂದು ವರ್ಷ ಚೀಟಿ ಎತ್ತಿದ ದುಡ್ಡು ಕೈಗೆ ಬಂದ ಮಧ್ಯಾಹ್ನವೇ ಯಾರನ್ನೂ ಕೇಳದೆ ಹಳೇ ಬೈಕ್ ಕೊಂಡು ತಂದರು. ತಾಯಿ ನೆನೆದದ್ದು ಅದಕ್ಕೂ ಹಿಂದಿನದು: ತರಗತಿಯಲ್ಲಿ ಕೂರುತ್ತಿರಲಿಲ್ಲ, ಮೇಷ್ಟ್ರು ಬೈದರೆಂದು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ, ಹದಿನಾರಕ್ಕೆ ಹೇಳದೆ ಕೇಳದೆ ಹುಬ್ಬಳ್ಳಿ ರೈಲು ಹತ್ತಿ ಎರಡು ದಿನ ಬಿಟ್ಟು ಬಂದ. ಮೊದಲ ಗುಟುಕು ಕುಡಿದದ್ದು ಹತ್ತೊಂಬತ್ತಕ್ಕೆ.

ಹಾಗಾಗಿ ತಾಯಿಯ ಮಾತಿನಲ್ಲೂ ನಿಜವಿತ್ತು. ದುಡುಕು ಕುಡಿತಕ್ಕಿಂತ ಹಳೆಯದು. ಆದರೆ ಬಾಲ್ಯದಲ್ಲಿ ಕಳ್ಳತನ, ಪ್ರಾಣಿಹಿಂಸೆ, ದಬ್ಬಾಳಿಕೆ ಇರಲಿಲ್ಲ. ತಪ್ಪಿಗೆ ಪಶ್ಚಾತ್ತಾಪ ಇತ್ತು. ಸಮಾಜವಿರೋಧಿ ವ್ಯಕ್ತಿತ್ವ ಎಂಬುದು ಇಲ್ಲಿಗೆ ಬಿದ್ದುಹೋಯಿತು. ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಇದೆಯೇ ಎಂದೂ ನೋಡಲಾಯಿತು. ವ್ಯಸನದ ಕ್ಲಿನಿಕ್ಕುಗಳಲ್ಲಿ ಇದನ್ನು ಕೇಳುವವರೇ ಕಡಿಮೆ. ಕೆಲವು ಲಕ್ಷಣ ಸಿಕ್ಕವು, ಪೂರ್ತಿ ರೋಗ ನಿರ್ಣಯಕ್ಕೆ ಸಾಲಲಿಲ್ಲ.

ಐದನೇ ವಾರ ಅದೇ ಮಾಪನಗಳನ್ನು ಮತ್ತೆ ಮಾಡಲಾಯಿತು. ಪಿಎಚ್‌ಕ್ಯು 19ರಿಂದ 6ಕ್ಕೆ ಇಳಿದಿತ್ತು, ಖಿನ್ನತೆಯ ಒಂದು ಮಾತ್ರೆಯೂ ಇಲ್ಲದೆ. ನ್ಯೂರೊಟಿಸಿಸಂ ಸಾಧಾರಣ ಮಟ್ಟದ ಹತ್ತಿರ. ಸಂಶಯ ಹೋಗಿತ್ತು. ಆ ಮಾತು ತೆಗೆದರೆ ತಲೆ ತಗ್ಗಿಸುತ್ತಿದ್ದರು. ದುಡುಕು ಮಾತ್ರ 84ರಿಂದ 77. ಅಂತಿಮ ಬರಹ: ಮದ್ಯ ಅವಲಂಬನೆ; ಫಿಟ್ಸ್ ಸಹಿತ ಸನ್ನಿ, ಗುಣವಾಗಿದೆ; ಮದ್ಯಜನ್ಯ ಖಿನ್ನತೆ, ಇಳಿದಿದೆ; ದುಡುಕಿನ ವ್ಯಕ್ತಿತ್ವ ಲಕ್ಷಣ, ದೋಷದ ಮಟ್ಟಕ್ಕಿಲ್ಲ.

ಕುಡುಕರ ವ್ಯಕ್ತಿತ್ವ ಎಂಬ ಒಂದೇ ಅಚ್ಚು ಇಲ್ಲ. ಅಮೆರಿಕದ ಮನೋವೈದ್ಯ ಕ್ಲೋನಿಂಜರ್ 1987ರಲ್ಲಿ ಎರಡು ಬಗೆ ಮಾಡಿದರು: 25ರ ನಂತರ ಶುರುವಾಗಿ ತಪ್ಪಿತಸ್ಥ ಭಾವದಲ್ಲಿ ನರಳುವವರು ಒಂದು, 25ರೊಳಗೆ ಶುರುವಾಗಿ ತಂದೆಯಿಂದ ಮಗನಿಗೆ ಬಂದು ಜಗಳಗಂಟಿಗಳಾದವರು ಇನ್ನೊಂದು. ಈ ರೋಗಿ ಶುರುವಾತಿನಲ್ಲಿ ಎರಡನೆಯವರು, ಪಶ್ಚಾತ್ತಾಪದಲ್ಲಿ ಮೊದಲನೆಯವರು. ಕೆಲಸಕ್ಕೆ ಹೆಚ್ಚು ಒದಗುವುದು ನಾಲ್ಕು ಗುಣಗಳನ್ನು ಬಿಡಿಬಿಡಿಯಾಗಿ ನೋಡುವ ಕ್ರಮ: ಹತಾಶೆ, ಆತಂಕಕ್ಕೇ ಹೆದರುವುದು, ದುಡುಕು, ಹೊಸ ಕಿಕ್ ಹುಡುಕುವುದು. ಯಾವುದು ಮೇಲಿದೆಯೋ ಅದು ಮತ್ತೆ ಕುಡಿಯುವ ದಾರಿಯನ್ನು ತೋರಿಸುತ್ತದೆ. ಹತಾಶರು ಒಬ್ಬರೇ ಕೂತಾಗ ಕುಡಿಯುತ್ತಾರೆ, ಆತಂಕದವರು ನಾಲ್ಕು ಜನರೆದುರು ಹೋಗುವ ಮೊದಲು. ದುಡುಕಿನವರಿಗೆ ಕಾರಣವೇ ಬೇಡ, ದುಡ್ಡು ಮತ್ತು ಅಂಗಡಿ ಒಟ್ಟಿಗೆ ಸಿಕ್ಕರೆ ಸಾಕು. ಅನುವಂಶಿಕತೆಯ ಪಾಲು ಸುಮಾರು ಅರ್ಧ ಎಂದು ಅವಳಿಗಳ ಅಧ್ಯಯನಗಳು ಹೇಳುತ್ತವೆ. ಉಳಿದರ್ಧದಲ್ಲಿ ನಾವು ಕೈಯಾಡಿಸಬಹುದು.

ದುಡುಕಿಗೆ ತಕ್ಕ ಯೋಜನೆ

ಔಷಧ ಮೊದಲು. ಅದರ ಮೇಲೆ ಕುಡಿದರೆ ಮೈ ಕೆಡಿಸಿ ಕುಡಿತಕ್ಕೆ ಹೆದರುವಂತೆ ಮಾಡುವ ಡೈಸಲ್ಫಿರಾಮ್ ಬಿಡಲಾಯಿತು. ಅದು ಯಕೃತ್ತಿಗೆ ಕೆಟ್ಟದ್ದು, ಮೇಲಾಗಿ ದುಡುಕಿನವರು ಅದರ ಮೇಲೆಯೇ ಕುಡಿದು ಪ್ರಾಣಕ್ಕೆ ತಂದುಕೊಳ್ಳುವ ಭಯ. ಮಾತ್ರೆ ನಿಲ್ಲಿಸಿ ಎರಡು ವಾರದವರೆಗೂ ಆ ಅಪಾಯ ಇರುತ್ತದೆ. ರೋಗಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸಿ ಹಾಕುವ ಮನೆಗಳಿವೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ, ಸಾವು ಸಂಭವಿಸಬಹುದು. ಕುಡಿಯುವ ಚಪಲ ತಗ್ಗಿಸುವ ನಾಲ್ಟ್ರೆಕ್ಸೋನನ್ನು ಯಕೃತ್ತು ಸುಧಾರಿಸುವವರೆಗೆ ಮುಂದೂಡಲಾಯಿತು. ಮೂತ್ರಪಿಂಡ ಸರಿಯಿದ್ದುದರಿಂದ, ಮತ್ತೆ ಕುಡಿಯದಂತೆ ನೆರವಾಗುವ ಅಕಾಂಪ್ರೊಸೇಟ್ 333 ಮಿ.ಗ್ರಾಂ. ಆರಿಸಿದರು. ತೂಕ 60 ಕೆ.ಜಿ.ಗಿಂತ ಕಡಿಮೆ ಇರುವುದರಿಂದ ದಿನಕ್ಕೆ ಆರರ ಬದಲು ನಾಲ್ಕು ಮಾತ್ರೆ: ಬೆಳಿಗ್ಗೆ ಎರಡು, ಮಧ್ಯಾಹ್ನ ಒಂದು, ರಾತ್ರಿ ಒಂದು.

"ಕುಡಿದರೆ ಏನಾಗುತ್ತದೆ ಯೋಚಿಸಿ" ಎಂಬ ಸಲಹೆ ದುಡುಕಿನವರಿಗೆ ತಾಗುವುದಿಲ್ಲ. ಯೋಚನೆ ಬರುವುದರೊಳಗೆ ಕೆಲಸ ಆಗಿರುತ್ತದೆ. ಶನಿವಾರ ಬಟವಾಡೆ ಆದ ಗಳಿಗೆಯಿಂದ ಕೈಗೆ ಪಾಕೀಟು ಬರುವವರೆಗೆ ಎಷ್ಟು ಹೊತ್ತು ಎಂದು ಅವರಿಂದಲೇ ಲೆಕ್ಕ ಹಾಕಿಸಿದಾಗ ಬಂದದ್ದು ಆರು ನಿಮಿಷ. ಆ ಆರನ್ನು ಮೂವತ್ತು ಮಾಡುವುದೇ ಯೋಜನೆಯ ತಿರುಳು, ಏಕೆಂದರೆ ಚಪಲದ ಅಲೆ ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ಅವರದೇ ಒಪ್ಪಿಗೆಯಿಂದ ಬಟವಾಡೆ ಹೆಂಡತಿಯ ಖಾತೆಗೆ ಹೋಗುವಂತಾಯಿತು, ಜೇಬಿನಲ್ಲಿ ಐವತ್ತು ರೂಪಾಯಿ. ಅಂಗಡಿಯ ಬೀದಿ ಬಿಟ್ಟು ಇನ್ನೊಂದು ದಾರಿ, ಹತ್ತು ನಿಮಿಷ ಹೆಚ್ಚು. ಭಟ್ಟಿಯ ಬಿಸಿಯಲ್ಲಿ ಬೆವರಿ ಒಣಗಿದ ಗಂಟಲು ಎಣ್ಣೆಯ ಚಪಲದಂತೆಯೇ ಕಾಡುತ್ತದೆ. ಹೊರಡುವ ಮೊದಲು ಅಲ್ಲೇ ಕೂತು ಉಪ್ಪು ಹಾಕಿದ ಮಜ್ಜಿಗೆ ಎರಡು ಲೋಟ, ಒಂದು ಪ್ಲೇಟ್ ಖಾರ ಮಂಡಕ್ಕಿ. ಹೊಟ್ಟೆ ತುಂಬಿದವರ ಕಾಲು ಅಂಗಡಿ ಕಡೆ ಎಳೆಯುವುದು ಕಡಿಮೆ. ಇನ್ನು ಕರೆಯುವ ಗೆಳೆಯರಿಗೆ ಉತ್ತರ. "ಬಾರಲೇ" ಎಂದರೆ ಏನು ಹೇಳಬೇಕೆಂದು ಆ ಹೊತ್ತಿಗೆ ಹೊಳೆಯುವುದಿಲ್ಲ. "ಮಾತ್ರೆ ತಗೊಂಡೀನಣ್ಣ, ಆಗಲ್ಲ" ಎಂಬ ಒಂದೇ ವಾಕ್ಯವನ್ನು, ನಿಲ್ಲದೆ ನಡೆಯುತ್ತಲೇ ಹೇಳುವಂತೆ, ವಾರ್ಡಿನ ಪಡಸಾಲೆಯಲ್ಲಿ ಹತ್ತು ಸಲ ಅಭ್ಯಾಸ ಮಾಡಿಸಲಾಯಿತು.

ಜಾತ್ರೆಯಲ್ಲಿ ತಪ್ಪಿದ್ದು

ಹನ್ನೊಂದು ವಾರ ನಡೆಯಿತು. ಆ ವರ್ಷ ದುಗ್ಗಮ್ಮನ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆಗೆ ಮನೆ ತುಂಬ ನೆಂಟರು, ಬಾಡೂಟ. ಅಣ್ಣ ಎಲ್ಲರೆದುರು "ಇವನು ಈಗ ಹೆಂಡ್ತಿ ಕೈಯಾಗ ದುಡ್ಡು ಕೊಟ್ಟು ಕುಂತಾನ" ಎಂದರು. ಎರಡು ಕ್ವಾರ್ಟರ್ ಒಂದೇ ರಾತ್ರಿಗೆ ಹೋಯಿತು.

ಮೂರು ಕಡೆ ಸೋರಿತ್ತು. ಯೋಜನೆ ಶನಿವಾರಕ್ಕೆ ಮಾತ್ರ ಮಾಡಿದ್ದು, ಜಾತ್ರೆಯ ದಿನಾಂಕ ಎಲ್ಲರಿಗೂ ಗೊತ್ತಿದ್ದರೂ ಯಾರೂ ಕೇಳಿರಲಿಲ್ಲ. ಇದು ಚಿಕಿತ್ಸೆ ಕೊಟ್ಟವರ ತಪ್ಪು. ಮಾತ್ರೆ ಮುಗಿದು ಐದು ದಿನವಾಗಿತ್ತು, ಮನೆ ಕೆಲಸದ ಗಡಿಬಿಡಿಯಲ್ಲಿ ತರಿಸಿರಲಿಲ್ಲ. ಅಣ್ಣನನ್ನು ಒಮ್ಮೆಯೂ ಕರೆಸಿ ಮಾತಾಡಿರಲಿಲ್ಲ. ಸರಿಹೋದದ್ದು ಒಂದು: ಬಿಡುಗಡೆ ಚೀಟಿಯಲ್ಲಿ "ಕುಡಿದರೆ 48 ಗಂಟೆಯೊಳಗೆ ಬನ್ನಿ, ಬೈಯುವುದಿಲ್ಲ" ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಮಾರನೇ ಸಂಜೆ ಹೆಂಡತಿಯೊಂದಿಗೆ ತಾವೇ ಬಂದರು. ಹಿಂದೆ ಫಿಟ್ಸ್, ಸನ್ನಿ ಆದವರನ್ನು ಮನೆಯಲ್ಲಿ ಬಿಟ್ಟು ನೋಡಬಾರದು. ಎರಡು ದಿನ ವಾರ್ಡಿನಲ್ಲಿಟ್ಟು, ಥಯಾಮಿನ್ ಕೊಟ್ಟು, ನಡುಕ ಬೆವರುಗಳ ಅಂಕ ಏರದಿದ್ದಾಗ ಕಳಿಸಲಾಯಿತು. ಅಣ್ಣನೂ ಬಂದು ಕೂತರು.

ಆರನೇ ತಿಂಗಳಿಗೆ ಜಿಜಿಟಿ 58, ಕೆಂಪುಕಣದ ಗಾತ್ರ 94, ಪಿಎಚ್‌ಕ್ಯು 4. ದುಡುಕು 75. ಭಟ್ಟಿಯಲ್ಲಿ ಈಚೆಗೂ ಒಮ್ಮೆ ಜಗಳವಾಡಿ ಕೆಲಸ ಬಿಟ್ಟು ನಡೆದಿದ್ದಾರೆ, ಆದರೆ ನಡೆದದ್ದು ಮಜ್ಜಿಗೆ ಕುಡಿದ ಮೇಲೆ, ದೂರದ ದಾರಿಯಲ್ಲಿ ಮನೆಗೆ. ತೂಕ 58 ಕೆ.ಜಿ. 60 ದಾಟಿದರೆ ಅಕಾಂಪ್ರೊಸೇಟ್ ಆರು ಮಾತ್ರೆಗೆ ಏರಿಸಬೇಕು.

ಈ ವರ್ಷವೂ ಮಾಲೆ ಹಾಕುವ ಮನಸ್ಸಿದೆ ಎಂದಿದ್ದಾರೆ. ಅಭ್ಯಂತರವಿಲ್ಲ. ಮಾಲೆಗೆ ಹದಿನೈದು ದಿನ ಮೊದಲು ಬಂದು ರಕ್ತ ಪರೀಕ್ಷೆ ಮಾಡಿಸಬೇಕು, ನಡುವೆ ಕುಡಿದಿದ್ದರೆ ಮುಚ್ಚಿಡದೆ ಹೇಳಿ ಮೊದಲು ವಾರ್ಡಿಗೆ ಸೇರಬೇಕು, ವ್ರತದಲ್ಲೂ ಮಾತ್ರೆ ನಿಲ್ಲಿಸಬಾರದು. ಇರುಮುಡಿಯ ಜೊತೆ ಒಯ್ಯುವ ಚೀಲದಲ್ಲಿ ಮಾತ್ರೆಗೆ ಜಾಗ ಹೆಂಡತಿ ಈಗಲೇ ಗೊತ್ತುಮಾಡಿದ್ದಾರೆ. ಇಳಿಸುವ ದಿನದ ಮರುದಿನಕ್ಕೆ, ಅಂದರೆ 42ನೇ ದಿನಕ್ಕೆ, ಭೇಟಿ ಬರೆದಿಡಲಾಗಿದೆ.